ಮೈ ನಮ್ಮದು, ಪಾಠ ಅವರದು



ಈ ದೇಶದ ಮೊದಲ ಸ್ವ-ಹಣಕಾಸು ಖಾಸಗಿ ಮೆಡಿಕಲ್ ಕಾಲೇಜು ಹುಟ್ಟಿದ್ದು ನಮ್ಮ ಮಣಿಪಾಲದಲ್ಲಿ. ವರ್ಷ 1953. ಊರಿನ ದೊಡ್ಡವರು ಮೈಕು ಹಿಡಿದಾಗಲೆಲ್ಲ ಇದನ್ನು ಹೇಳದೆ ಬಿಡುವುದಿಲ್ಲ. ಬೋಳು ಗುಡ್ಡ ಬಂಗಾರವಾಯಿತು, ಸರಸ್ವತಿ ಬಂದು ಕೂತಳು, ಹಿಂದೆಯೇ ಲಕ್ಷ್ಮಿಯೂ ಬಂದಳು ಅಂತ. ಬಂದಿರಬಹುದು. ಇಬ್ಬರೂ ನಮ್ಮ ಕೇರಿಯ ದಾರಿ ಕೇಳಲಿಲ್ಲ, ಅಷ್ಟೆ.

ಎಪ್ಪತ್ತು ವರ್ಷಗಳಲ್ಲಿ ಆ ಗುಡ್ಡದಿಂದ ಇಳಿದ ಡಾಕ್ಟರುಗಳು ಅಮೆರಿಕದಲ್ಲಿದ್ದಾರೆ, ಇಂಗ್ಲೆಂಡಿನಲ್ಲಿದ್ದಾರೆ, ಮಲೇಶಿಯಾದಲ್ಲಿದ್ದಾರೆ. ಅವರಲ್ಲಿ ಕೊರಗರ ಮಕ್ಕಳೆಷ್ಟು? ಮುಂಡಾಲರ ಮಕ್ಕಳೆಷ್ಟು? ಮೇರರ ಮಕ್ಕಳೆಷ್ಟು? ಈ ಲೆಕ್ಕವನ್ನು ಯಾವ ವಾರ್ಷಿಕೋತ್ಸವದಲ್ಲೂ ಓದುವುದಿಲ್ಲ. ಇರಲಿ, ಇನ್ನೊಂದು ಲೆಕ್ಕ ಕೇಳೋಣ. ಇವರೆಲ್ಲ ಯಾರ ಕೈ ಹಿಡಿದು ನಾಡಿ ನೋಡುವುದನ್ನು ಕಲಿತರು? ಯಾರ ಹೊಟ್ಟೆ ಅದುಮಿ ಗಡ್ಡೆ ಗುರುತಿಸುವುದನ್ನು ಕಲಿತರು? ಯಾರ ಹೆಣ ಕೊಯ್ದು ಕೊಯ್ಯುವುದನ್ನು ಕಲಿತರು?

ಮೆಡಿಕಲ್ ಕಾಲೇಜು ಕಟ್ಟಲು ದುಡ್ಡು ಸಾಲದು. ಗಾಜಿನ ಕಟ್ಟಡ, ಹವಾನಿಯಂತ್ರಿತ ಕೋಣೆ, ಪರದೇಶದ ಯಂತ್ರ, ಇವೆಲ್ಲ ಇದ್ದರೂ ಒಂದು ಇಲ್ಲದಿದ್ದರೆ ಲೈಸೆನ್ಸು ಸಿಕ್ಕುವುದಿಲ್ಲ. ಆ ಒಂದು ರೋಗಿ. ಇಷ್ಟು ಸೀಟಿಗೆ ಇಷ್ಟು ಹಾಸಿಗೆ ಇರಬೇಕು, ಹಾಸಿಗೆಗಳಲ್ಲಿ ಬಹುಪಾಲು ತುಂಬಿರಬೇಕು ಎಂಬುದು ಕಾಯಿದೆ. ಸ್ಪೆಶಲ್ ರೂಮಿನಲ್ಲಿ ಮಲಗಿದ ಧಣಿಗಳ ಹೊಟ್ಟೆ ಅದುಮಲು ಇಪ್ಪತ್ತು ಹುಡುಗರನ್ನು ಯಾರೂ ಬಿಡುವುದಿಲ್ಲ. ಹಾಗಾಗಿ ಜನರಲ್ ವಾರ್ಡು ಬೇಕು. ಜನರಲ್ ವಾರ್ಡಿಗೆ ನಾವು ಬೇಕು. ಹಳ್ಳಿ ಹಳ್ಳಿಗೆ ಉಚಿತ ಶಿಬಿರದ ಬಸ್ಸು ಬರುವುದು ಬರೀ ಕರುಣೆಯಿಂದ ಅಂತ ತಿಳಿಯಬೇಡಿ. 2025ರಲ್ಲಿ ಸಿ.ಬಿ.ಐ. ದಾಖಲಿಸಿದ ಒಂದು ಪ್ರಕರಣದಲ್ಲಿ, ದೇಶದ ಹಲವು ಖಾಸಗಿ ಮೆಡಿಕಲ್ ಕಾಲೇಜುಗಳು ತಪಾಸಣೆಯ ದಿನ ನಕಲಿ ರೋಗಿಗಳನ್ನು ತಂದು ಮಲಗಿಸಿದ ಆರೋಪವಿದೆ. ನೋಡಿ, ರೋಗಿಗೆ ಎಂಥಾ ಬೆಲೆ! ನಿಜವಾದ ರೋಗಿ ಸಾಲದಿದ್ದರೆ ಸುಳ್ಳು ರೋಗಿಯನ್ನಾದರೂ ಕೂಲಿ ಕೊಟ್ಟು ತರಬೇಕು.

ನಮ್ಮ ಜಿಲ್ಲೆಯ ಚರಿತ್ರೆಯಲ್ಲೂ ಇದು ಕಾಣುತ್ತದೆ. ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದಾಗ ಅದಕ್ಕೆ ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ. ಮಂಗಳೂರಿನ ವೆನ್ಲಾಕ್, ಲೇಡಿ ಗೋಶನ್ ಎಂಬ ಸರಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಅದರ ಹುಡುಗರು ರೋಗ ನೋಡಿ ಕಲಿತರು. ಹಾಸಿಗೆ ಸರಕಾರದ್ದು, ಮೈ ಬಡವರದ್ದು, ಫೀಸು ಕಾಲೇಜಿಗೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಬಂದದ್ದು 1961ರಲ್ಲಿ. ಈಗ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಗಳಿವೆ. ಅಲ್ಲಿ ನಮ್ಮವರ ಜೀವ ಉಳಿದಿಲ್ಲ ಅಂತ ನಾನು ಹೇಳುವುದಿಲ್ಲ. ಉಳಿದಿದೆ. ಕಾಪುವಿನ ಹೆದ್ದಾರಿಯಲ್ಲಿ ಲಾರಿ ಬಡಿದವನನ್ನು, ಕಾರ್ಕಳದ ಕಲ್ಲುಕೋರೆಯಲ್ಲಿ ಬಂಡೆ ಉರುಳಿ ಕಾಲು ಜಜ್ಜಿದವನನ್ನು ಎತ್ತಿಕೊಂಡು ಓಡುವುದು ಅಲ್ಲಿಗೇ. ಆದರೆ ಕೊಟ್ಟದ್ದೆಷ್ಟು, ತೆಗೆದುಕೊಂಡದ್ದೆಷ್ಟು ಅಂತ ಒಂದು ಸಾರಿ ತೂಗಬೇಕೋ ಬೇಡವೋ?

ಸತ್ತ ಮೇಲೂ ಬಿಡುಗಡೆ ಇಲ್ಲ. ನಮ್ಮ ರಾಜ್ಯದಲ್ಲಿ 1957ರ ಅಂಗರಚನಾ ಕಾಯಿದೆ ಇದೆ. ಸರಕಾರಿ ಆಸ್ಪತ್ರೆಯಲ್ಲಿ ಸತ್ತವನ ಹೆಣ ಕೇಳಲು ಯಾರೂ ಬಾರದಿದ್ದರೆ ಅದನ್ನು ಮೆಡಿಕಲ್ ಕಾಲೇಜಿಗೆ ಕೊಡಬಹುದು. ಯಾರ ಹೆಣಕ್ಕೆ ವಾರಸುದಾರರಿಲ್ಲ? ಗುತ್ತಿನ ಮನೆಯವನದಕ್ಕೋ? ಬ್ಯಾಂಕಿನ ಡೈರೆಕ್ಟರನದಕ್ಕೋ? ಬಸ್‌ಸ್ಟ್ಯಾಂಡಿನಲ್ಲಿ ಮಲಗಿದವನು, ಬಿಜಾಪುರದಿಂದ ಗಾರೆ ಕೆಲಸಕ್ಕೆ ಬಂದವನು, ಸಾವಿನ ಸುದ್ದಿ ತಿಳಿದರೂ ಹೆಣ ಒಯ್ಯಲು ಗಾಡಿ ಬಾಡಿಗೆಗೆ ದುಡ್ಡಿಲ್ಲದವನ ತಂದೆ, ಇವರೇ ಆ ಮೇಜಿನ ಮೇಲೆ ಮಲಗುವವರು. ಬದುಕಿದ್ದಾಗ ಮುಟ್ಟದವರು ಸತ್ತ ಮೇಲೆ ನರನರ ಬಿಡಿಸಿ ಮುಟ್ಟುತ್ತಾರೆ. ದೇಹದಾನ ಮಾಡುವವರು ಹೆಚ್ಚುತ್ತಿದ್ದಾರೆ, ಒಳ್ಳೆಯದು, ಆದರೆ ಈ ಹಳೆಯ ಸಾಲ ಅದರಿಂದ ತೀರುವುದಿಲ್ಲ.

ಇದೆಲ್ಲಾ ಹೊಸದು ಅಂತ ನಿಮಗನ್ನಿಸಿದರೆ ಅಜಲು ನೆನಪು ಮಾಡಿಕೊಳ್ಳಿ. ಕರಾವಳಿಯ ಹುಡುಗರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನಿಂದ ಬಂದ ಗೆಳೆಯರಿಗಾಗಿ ಹೇಳುತ್ತೇನೆ. ಮೇಲುಜಾತಿಯ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ, ಹೆಂಗಸು ಬಸುರಿಯಾದರೆ, ಅವರ ಕೂದಲು, ಉಗುರು ಅನ್ನದಲ್ಲಿ ಬೆರೆಸಿ ಕೊರಗರಿಗೆ ತಿನ್ನಿಸುವುದು. ಯಾಕೆ? ಆ ಮನೆಯ ರೋಗ, ದೋಷ ಎಲ್ಲ ಕೊರಗನ ಹೊಟ್ಟೆಗೆ ದಾಟಿಹೋಗಲಿ ಅಂತ! ಇದನ್ನು ನಿಷೇಧಿಸಲು ಈ ಸರಕಾರಕ್ಕೆ 2000ನೇ ಇಸವಿ ಬರಬೇಕಾಯಿತು. ಸ್ವಾತಂತ್ರ್ಯ ಬಂದು ಅರ್ಧ ಶತಮಾನದ ಮೇಲೆ ಒಂದು ಅಜಲು ನಿಷೇಧ ಕಾಯಿದೆ. ಅಷ್ಟರಲ್ಲಿ ಅದೇ ನೆಲದ ಮೇಲೆ ದೇಶವಿದೇಶದ ಹುಡುಗರು ನಲವತ್ತೇಳು ವರ್ಷ ವೈದ್ಯವಿಜ್ಞಾನ ಓದಿ ಮುಗಿಸಿದ್ದರು. ಗುಡ್ಡದ ಮೇಲೆ ವಿಜ್ಞಾನ, ಗುಡ್ಡದ ಕೆಳಗೆ ಉಗುರಿನ ಅನ್ನ.

ನನ್ನ ಮಾತು ಇಷ್ಟೆ: ಅಜಲಿನಲ್ಲಿ ಕೊರಗನ ಮೈ ಇನ್ನೊಬ್ಬರ ರೋಗ ಇಳಿಸಿಕೊಳ್ಳುವ ಜಾಗವಾಗಿತ್ತು. ಈಗ ನಮ್ಮ ಮೈ ಇನ್ನೊಬ್ಬರ ವಿದ್ಯೆ ಬೆಳೆಯುವ ಜಾಗವಾಗಿದೆ. ಉಪಯೋಗ ಬದಲಾಗಿದೆ, ಮೈ ಬದಲಾಗಿಲ್ಲ.

ವಿದ್ಯೆಯ ಬಾಗಿಲು ಹೇಗೆ ಮುಚ್ಚಿತು ಎಂಬ ಕತೆ ಹಾಸ್ಟೆಲಿನ ಪ್ರತಿಯೊಬ್ಬನಿಗೂ ಬಾಯಿಪಾಠ ಆಗಬೇಕು. ದುಡ್ಡು ಕೊಟ್ಟು ಸೀಟು ಕೊಳ್ಳುವ ಕ್ಯಾಪಿಟೇಶನ್ ಫೀಸನ್ನು ನಮ್ಮ ರಾಜ್ಯ 1984ರಲ್ಲಿ ಕಾಯಿದೆ ಮಾಡಿ ನಿಷೇಧಿಸಿತು. ಕಾಯಿದೆಯಲ್ಲೇ ಸಂದು ಇಟ್ಟಿತು. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ಹುಡುಗಿ ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಕೇಳಿದಾಗ ಹೊರರಾಜ್ಯದವರಿಗೆ ವರ್ಷಕ್ಕೆ 60,000 ರೂಪಾಯಿ ಅಂದರು. ಸರಕಾರಿ ಸೀಟಿಗೆ ಆಗ 2,000. ಅವಳು ಸುಪ್ರೀಂ ಕೋರ್ಟಿಗೆ ಹೋದಳು. ವಿದ್ಯೆ ಮಾರಾಟದ ವಸ್ತುವಲ್ಲ ಅಂತ 1992ರಲ್ಲಿ ಕೋರ್ಟು ಹೇಳಿತು. ಆ ಕಾಲೇಜಿನ ಹೆಸರು ಸಿದ್ಧಾರ್ಥ. ನಮ್ಮವರೇ ಕಟ್ಟಿದ ಸಂಸ್ಥೆ. ಇದನ್ನು ಮುಚ್ಚಿಟ್ಟು ಮಣಿಪಾಲವನ್ನು ಮಾತ್ರ ಬಯ್ದರೆ ನಾವು ಸುಳ್ಳರಾಗುತ್ತೇವೆ. ಬುದ್ಧನ ಹೆಸರಿಟ್ಟ ಮಾತ್ರಕ್ಕೆ ಅಂಗಡಿ ಆಶ್ರಮ ಆಗುವುದಿಲ್ಲ.

ಹತ್ತು ವರ್ಷ ಕಳೆಯಿತು. 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಇನ್ನೊಂದು ತೀರ್ಪು ಕೊಟ್ಟಿತು. ಖಾಸಗಿಯವರಿಗೆ ಕಾಲೇಜು ನಡೆಸುವ ಹಕ್ಕಿದೆ, ಫೀಸು ತಾವೇ ಗೊತ್ತುಮಾಡಬಹುದು, ಲಾಭಕೋರತನ ಮಾತ್ರ ಕೂಡದು ಅಂತ. ಆ ತೀರ್ಪಿನ ಹೆಸರು ಟಿ.ಎಂ.ಎ. ಪೈ ಫೌಂಡೇಶನ್ ತೀರ್ಪು. ದೇಶದ ಎಲ್ಲ ಕಾನೂನು ಕಾಲೇಜುಗಳಲ್ಲಿ ಓದುವ ಈ ಹೆಸರು ನಮ್ಮ ಊರಿನದು. 2005ರಲ್ಲಿ ಇನಾಮ್ದಾರ್ ತೀರ್ಪು ಬಂತು: ಅನುದಾನವಿಲ್ಲದ ಖಾಸಗಿ ಕಾಲೇಜಿನ ಮೇಲೆ ಸರಕಾರ ಮೀಸಲಾತಿ ಹೇರುವಂತಿಲ್ಲ. ಪಾರ್ಲಿಮೆಂಟು ಸಂವಿಧಾನಕ್ಕೆ 93ನೇ ತಿದ್ದುಪಡಿ ತಂದು 15(5)ನೇ ಕಲಮು ಸೇರಿಸಿತು. ಖಾಸಗಿಯಲ್ಲೂ ಮೀಸಲಾತಿ ಕೊಡುವ ಕಾನೂನು ಮಾಡಬಹುದು ಅಂತ. 2014ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆಮೇಲೆ? ಕಲಮು ಇದೆ, ಕೇಂದ್ರದ ಕಾನೂನು ಇಲ್ಲ. ಬೀಗದಕೈ ಕೊಟ್ಟಿದ್ದಾರೆ, ಬಾಗಿಲು ತೋರಿಸಿಲ್ಲ. ಮಣಿಪಾಲ 1993ರಿಂದ ಡೀಮ್ಡ್ ವಿಶ್ವವಿದ್ಯಾಲಯ. ನೀಟ್ ಪರೀಕ್ಷೆಯಿಂದ ತುಂಬುವ ಇಂಥ ಖಾಸಗಿ ಡೀಮ್ಡ್ ಸೀಟುಗಳಿಗೆ ಎಸ್.ಸಿ., ಎಸ್.ಟಿ. ಮೀಸಲಾತಿ ಇಲ್ಲ. ಅಲ್ಲಿನ ಎಂ.ಬಿ.ಬಿ.ಎಸ್. ಸೀಟಿಗೆ ಒಂದು ವರ್ಷದ ಫೀಸೇ ಹದಿನೈದು ಲಕ್ಷ ದಾಟಿದೆ. ನಮ್ಮಪ್ಪಂದಿರು ಜೀವಮಾನದಲ್ಲಿ ಎಣಿಸಿದ ನೋಟೆಲ್ಲ ಕೂಡಿಸಿದರೂ ಅಲ್ಲಿ ಒಂದು ಸೆಮಿಸ್ಟರಿಗೆ ಸಾಲದು.

ಮೆರಿಟ್ಟು ಅನ್ನುತ್ತಾರೆ. ಮೆರಿಟ್ಟಿಗೆ ಹದಿನೈದು ಲಕ್ಷದ ರಸೀದಿ ಯಾಕೆ ಬೇಕು ಸ್ವಾಮಿ?

ಸರಕಾರಿ ಕಾಲೇಜಿಗೆ ಹೋಗೋಣ ಅಂದರೆ ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಸರಕಾರಿ ಮೆಡಿಕಲ್ ಕಾಲೇಜು ಇನ್ನೂ ಮನವಿಪತ್ರದಲ್ಲೇ ಇದೆ. ಹೇಗೋ ಬೇರೆ ಊರಿನಲ್ಲಿ ಸೀಟು ಹಿಡಿದು ಒಳಗೆ ಹೋದವರ ಪಾಡು ಬೇರೆ. ದೆಹಲಿಯ ಏಮ್ಸಿನಲ್ಲೇ ನಮ್ಮ ಹುಡುಗರನ್ನು ಹಾಸ್ಟೆಲಿನಲ್ಲಿ ಬೇರೆ ಮಾಡಿ, ಹೆದರಿಸಿ, ಪಾಠದಲ್ಲಿ ಕಡೆಗಣಿಸುತ್ತಿದ್ದರು ಅಂತ 2007ರಲ್ಲಿ ಥೋರಟ್ ಸಮಿತಿ ವರದಿ ಕೊಟ್ಟಿತು. 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಪಾಯಲ್ ತಡ್ವಿ ಎಂಬ ಆದಿವಾಸಿ ಡಾಕ್ಟರು ಹಾಸ್ಟೆಲಿನ ಕೋಣೆಯಲ್ಲಿ ಪ್ರಾಣ ಕಳೆದುಕೊಂಡಳು. ಹಿರಿಯ ಸಹಪಾಠಿಗಳ ಜಾತಿ ಕಿರುಕುಳ ಕಾರಣ ಅಂತ ಕೇಸು. ಹೆಂಗಸರ ಪ್ರಸೂತಿ ಕಲಿಯಲು ಹೋದವಳು. ಅವಳ ಊರಿನ ಹೆಂಗಸರಿಗೆ ಒಬ್ಬ ಡಾಕ್ಟರು ಕಡಿಮೆಯಾದಳು.

ಇನ್ನು ಉಡುಪಿ ಪೇಟೆಯ ನಡುವೆ ನಡೆದದ್ದು. 2016ರಲ್ಲಿ ನಾವು 'ಚಲೋ ಉಡುಪಿ' ಅಂತ ಬೆಂಗಳೂರಿನಿಂದ ಜಾಥಾ ಬಂದೆವು. ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು ಅಂತ ಕೂಗಿದೆವು. ಅದೇ 2016ರಲ್ಲಿ ಸರಕಾರ ಉಡುಪಿಯ ಹೆಂಗಸರ, ಮಕ್ಕಳ ಸರಕಾರಿ ಆಸ್ಪತ್ರೆಯನ್ನು ಅಬುಧಾಬಿಯ ಉದ್ಯಮಿ ಬಿ.ಆರ್. ಶೆಟ್ಟಿಯವರ ಸಂಸ್ಥೆಗೆ ಒಪ್ಪಂದದ ಮೇಲೆ ವಹಿಸಿತು. ಆ ಜಾಗ ಯಾರದ್ದು ಗೊತ್ತೇ? ಹಾಜಿ ಅಬ್ದುಲ್ಲಾ ಸಾಹೇಬರು ಸಾರ್ವಜನಿಕ ಆಸ್ಪತ್ರೆಗೆಂದೇ ದಾನ ಕೊಟ್ಟದ್ದು. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕಿನ ಬುಡ ಹಾಕಿದವರೂ ಅವರೇ. ಒಂದು ಕಡೆ 200 ಹಾಸಿಗೆಯ ಉಚಿತ ಆಸ್ಪತ್ರೆ ಕಟ್ಟಿ ನಡೆಸುವುದು, ಇನ್ನೊಂದು ಕಡೆ ಹಣ ಪಡೆಯುವ ತಮ್ಮ ದೊಡ್ಡ ಆಸ್ಪತ್ರೆ ಎಬ್ಬಿಸುವುದು, ಇದು ಏರ್ಪಾಡು. ಊರಿನಲ್ಲಿ ವಿರೋಧ ಎದ್ದಿತು. ಕೇಳಿದವರಾರು? 2017ರಲ್ಲಿ ಮುಖ್ಯಮಂತ್ರಿಗಳೇ ಬಂದು ದೀಪ ಹಚ್ಚಿದರು.

2020ರಲ್ಲಿ ಆ ಉದ್ಯಮಿಯ ಗಲ್ಫಿನ ಆಸ್ಪತ್ರೆ ಸಾಮ್ರಾಜ್ಯ ಸಾಲದಲ್ಲಿ ಕುಸಿಯಿತು. ಅದರ ಪೆಟ್ಟು ಬಿದ್ದದ್ದು ಉಡುಪಿಯ ಆಸ್ಪತ್ರೆಯ ನರ್ಸುಗಳಿಗೆ, ವಾರ್ಡಿನ ಆಯಾಗಳಿಗೆ. ತಿಂಗಳುಗಟ್ಟಲೆ ಸಂಬಳ ಇಲ್ಲದೆ ಅವರು ಗೇಟಿನ ಮುಂದೆ ಕೂತರು. ಕೊನೆಗೆ 2022ರ ಹೊತ್ತಿಗೆ ಸರಕಾರವೇ ಆಸ್ಪತ್ರೆಯನ್ನು ಮರಳಿ ವಹಿಸಿಕೊಳ್ಳಬೇಕಾಯಿತು. ಲಂಡನ್ ಷೇರು ಪೇಟೆಯಲ್ಲಿ ಒಂದು ಕಂಪನಿ ಬಿದ್ದರೆ ಅಲೆವೂರಿನ ಬಸುರಿ ಹೆಂಗಸಿನ ಹಾಸಿಗೆ ಅಲುಗಾಡುತ್ತದೆ. ಖಾಸಗಿ ಸಹಭಾಗಿತ್ವ ಅಂತ ಸರಕಾರ ಚೆಂದದ ಹೆಸರಿಟ್ಟದ್ದು ಇದಕ್ಕೆ. ಈಗ ಮೆಡಿಕಲ್ ಕಾಲೇಜನ್ನೂ ಇದೇ ಸಹಭಾಗಿತ್ವದಲ್ಲಿ ತರುತ್ತೇವೆ ಎಂಬ ಮಾತು ಆಗಾಗ ಗಾಳಿಯಲ್ಲಿ ಬರುತ್ತಿದೆ. ಕಿವಿ ನೆಟ್ಟಗಿರಲಿ.

ಇದೇ ಉಡುಪಿಯ ಮಠದ ಪಂಕ್ತಿಭೇದದ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ, ಕೂಗಿದ್ದೇವೆ. ಆಸ್ಪತ್ರೆಯ ಪಂಕ್ತಿಯನ್ನು ಯಾರೂ ನೋಡುವುದಿಲ್ಲ. ಜನರಲ್, ಸೆಮಿ ಸ್ಪೆಶಲ್, ಸ್ಪೆಶಲ್, ಡಿಲಕ್ಸ್. ಅದೇ ರೋಗ, ಅದೇ ಡಾಕ್ಟರು, ಅದೇ ಸೂಜಿ. ಬೇರೆ ಬೇರೆ ಎಲೆ.

ನಮ್ಮ ದೊಡ್ಡಮ್ಮ ಬೀಡಿ ಕಟ್ಟುತ್ತಿದ್ದವಳು. ಎಲೆ ಕತ್ತರಿಸಿ, ಹೊಗೆಸೊಪ್ಪು ಸುತ್ತಿ ನಲವತ್ತು ವರ್ಷ. ಸಕ್ಕರೆ ಕಾಯಿಲೆ ಬಂತು, ಕಾಲಿನ ಹುಣ್ಣು ಮಾಯಲಿಲ್ಲ. ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಯಾವ ಊರು, ಯಾವ ಆಸ್ಪತ್ರೆ ಎಂಬುದು ಬೇಡ, ಎಲ್ಲ ಕಡೆ ನಡೆಯುವುದು ಇದೇ. ಬೆಳಿಗ್ಗೆ ದೊಡ್ಡ ಡಾಕ್ಟರು ಬಂದರು, ಹಿಂದೆ ಹತ್ತು ಹನ್ನೆರಡು ಜನ ಬಿಳಿ ಕೋಟಿನ ಹುಡುಗರು, ಹುಡುಗಿಯರು. ಬಟ್ಟೆ ಸರಿಸಿದರು. ಒಬ್ಬೊಬ್ಬರೇ ಕಾಲು ಒತ್ತಿದರು. ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತು. ಕೊನೆಗೆ ಒಬ್ಬ ಹುಡುಗ ಪಕ್ಕದವನಿಗೆ 'ಗುಡ್ ಕೇಸ್' ಅಂದ. ಎಲ್ಲರೂ ಹೋದ ಮೇಲೆ ದೊಡ್ಡಮ್ಮ ನನ್ನ ಕೈ ಹಿಡಿದು ಕೇಳಿದಳು, "ದಾದ ಪನ್ಪೆರ್ ಮಗಾ?" ಏನು ಹೇಳ್ತಾರೆ ಮಗಾ ಅಂತ. ಬಿ.ಎ. ಓದಿದ ನನಗೆ ಆ ಇಂಗ್ಲಿಷಿನಲ್ಲಿ ಅರ್ಧವೂ ತಿಳಿದಿರಲಿಲ್ಲ. ಅವಳ ಕಾಲಿನ ಬಗ್ಗೆ ಆ ಕೋಣೆಯಲ್ಲಿ ಹನ್ನೆರಡು ಜನಕ್ಕೆ ತಿಳುವಳಿಕೆ ಬಂತು, ಅವಳೊಬ್ಬಳನ್ನು ಬಿಟ್ಟು.

ಡಿಸ್ಚಾರ್ಜಿನ ದಿನ ಚೀಟಿಯಲ್ಲಿ ಆರು ಮದ್ದು. ಎಲ್ಲವೂ ಕಂಪನಿಯ ಹೆಸರಿನಲ್ಲಿ. ಮೆಡಿಕಲ್ ಶಾಪಿನವನು ತಿಂಗಳಿನದ್ದು ಲೆಕ್ಕ ಹಾಕಿ ಹೇಳಿದ. ಹತ್ತು ದಿನದ್ದು ಕೊಡಿ ಅಂದಳು ದೊಡ್ಡಮ್ಮ. ಹತ್ತು ದಿನದ್ದನ್ನು ದಿನ ಬಿಟ್ಟು ದಿನ ನುಂಗಿ ಇಪ್ಪತ್ತು ದಿನ ಮಾಡಿದಳು. ಇದನ್ನು ಡಾಕ್ಟರುಗಳು ರೋಗಿಯ ಅಜ್ಞಾನ ಅನ್ನುತ್ತಾರೆ. ಗಣಿತ ಅದು. ಸಾವಿರ ಬೀಡಿಯ ಕೂಲಿಯಲ್ಲಿ ಎಷ್ಟು ಗುಳಿಗೆ ಬರುತ್ತದೆ ಎಂಬ ಗಣಿತ.

ಬಡವರಿಗೆ ಸರಕಾರಿ ಕಾರ್ಡು ಇದೆಯಲ್ಲ ಅಂತೀರಿ. ಇದೆ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಷ್ಟೋ ಆಪರೇಶನ್ ಅದರಿಂದ ಆಗಿದೆ, ಸುಳ್ಳಲ್ಲ. ಆದರೆ ತುರ್ತು ಇಲ್ಲದಿದ್ದರೆ ಮೊದಲು ಸರಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತರಬೇಕು. ಅದಕ್ಕೊಂದು ದಿನದ ಕೂಲಿ, ಎರಡು ಬಸ್ಸು. ಮತ್ತೆ ಕಾರ್ಡು ನಡೆಯುವುದು ಹಾಸಿಗೆ ಹಿಡಿದ ಮೇಲೆ. ದಿನಾ ನುಂಗುವ ಸಕ್ಕರೆ ಗುಳಿಗೆಗೆ, ಬಿ.ಪಿ. ಗುಳಿಗೆಗೆ ನಡೆಯುವುದಿಲ್ಲ. ಕಾಲು ಕತ್ತರಿಸಲು ಸರಕಾರ ದುಡ್ಡು ಕೊಡುತ್ತದೆ, ಕಾಲು ಉಳಿಸುವ ಗುಳಿಗೆಗೆ ಕೊಡುವುದಿಲ್ಲ.

ಈಗ ಗುಳಿಗೆಯ ಬೆಲೆ ಯಾರು ಕಟ್ಟುತ್ತಾರೆ ಎಂಬುದಕ್ಕೆ ಬನ್ನಿ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. 1975ರಲ್ಲಿ ಹಾಥಿ ಸಮಿತಿ ಅವಶ್ಯಕ ಮದ್ದುಗಳ ಪಟ್ಟಿ ಮಾಡಿ, ಕಂಪನಿ ಹೆಸರುಗಳನ್ನು ಹಂತಹಂತವಾಗಿ ತೆಗೆದು ಮದ್ದಿನ ನಿಜ ಹೆಸರಿನಲ್ಲೇ ಮಾರಿಸಿ ಅಂತ ಹೇಳಿತ್ತು. 1979ರಲ್ಲಿ 347 ಮದ್ದುಗಳ ಬೆಲೆ ಸರಕಾರದ ಹಿಡಿತಕ್ಕೆ ಬಂತು. 1987ರಲ್ಲಿ ಅದು 142ಕ್ಕೆ ಇಳಿಯಿತು. 1995ರಲ್ಲಿ ಎಪ್ಪತ್ತರ ಆಚೀಚೆ. ಹಿಡಿತದಲ್ಲಿದ್ದ ಮದ್ದಿಗಾದರೂ ತಯಾರಿಸುವ ಖರ್ಚು ನೋಡಿ, ಅದರ ಮೇಲೆ ನೂರಕ್ಕೆ ನೂರರವರೆಗೆ ಸೇರಿಸಿ ಬೆಲೆ ಕಟ್ಟುತ್ತಿದ್ದರು. 2013ರಲ್ಲಿ ಪಟ್ಟಿ ಉದ್ದವಾಯಿತು, 348 ಮದ್ದು. ಆದರೆ ಬೆಲೆ ಕಟ್ಟುವ ದಾರಿಯನ್ನೇ ಬದಲಾಯಿಸಿಬಿಟ್ಟರು. ಪೇಟೆಯಲ್ಲಿ ನೂರಕ್ಕೆ ಒಂದು ಪಾಲಾದರೂ ವ್ಯಾಪಾರ ಇರುವ ಕಂಪನಿಗಳು ಎಷ್ಟಕ್ಕೆ ಮಾರುತ್ತವೋ ಅದರ ಸರಾಸರಿ ತೆಗೆಯುವುದು, ಅಂಗಡಿಯವನಿಗೆ ನೂರಕ್ಕೆ ಹದಿನಾರು ಸೇರಿಸುವುದು, ಅದೇ ಮೇಲ್ಮಿತಿ.

ಮಲ್ಪೆಯ ಮೀನಿನ ಲೆಕ್ಕದಲ್ಲಿ ಹೇಳುತ್ತೇನೆ. ಬಂಗುಡೆಗೆ ನ್ಯಾಯದ ಬೆಲೆ ಗೊತ್ತುಮಾಡಿ ಅಂತ ಜನ ಕೇಳಿದರು. ಅಧಿಕಾರಿ ಬಲೆಗೆಷ್ಟು, ಡೀಸೆಲಿಗೆಷ್ಟು, ಕೂಲಿಗೆಷ್ಟು ಅಂತ ಕೇಳಲಿಲ್ಲ. ದೊಡ್ಡ ದೊಡ್ಡ ಹೋಟೆಲುಗಳಿಗೆ ಹೋಗಿ ಅಲ್ಲಿನ ಮೀನಿನೂಟದ ರೇಟಿನ ಸರಾಸರಿ ತೆಗೆದು, ಇದೇ ನ್ಯಾಯದ ಬೆಲೆ ಅಂತ ಬೋರ್ಡು ಹಾಕಿದ! ಮೇಲಾಗಿ ವರ್ಷ ವರ್ಷ ಸಗಟು ಬೆಲೆ ಏರಿದಷ್ಟು ಮದ್ದಿನ ಬೆಲೆ ಏರಿಸಲು ಅಪ್ಪಣೆ. 2022ರ ಏಪ್ರಿಲಿನಲ್ಲಿ ನೂರಕ್ಕೆ 10.77, 2023ರ ಏಪ್ರಿಲಿನಲ್ಲಿ 12.12. ಬೀಡಿ ಕೂಲಿಯನ್ನು ಹೀಗೆ ಏರಿಸಿದವರುಂಟೇ?

ಬೆಲೆ ಇಳಿಸುವುದು ಆಗದ ಕೆಲಸವೇ? ಹೃದಯದ ನಾಳಕ್ಕೆ ಹಾಕುವ ಸ್ಟೆಂಟನ್ನು ನೋಡಿ. 2017ರ ಫೆಬ್ರವರಿಯವರೆಗೆ ಮದ್ದು ಲೇಪಿಸಿದ ಸ್ಟೆಂಟಿನ ಸರಾಸರಿ ಬೆಲೆ 1,21,400 ರೂಪಾಯಿ. ಸರಕಾರದ ಬೆಲೆ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ತೆರಿಗೆ ಬಿಟ್ಟು 29,600. ಒಂದೇ ರಾತ್ರಿಯಲ್ಲಿ. ಹಿಂದಿನ ದಿನದವರೆಗೆ ತೊಂಬತ್ತು ಸಾವಿರ ಹೆಚ್ಚಿಗೆ ಕೊಟ್ಟವರ ಹೊಲ, ಚಿನ್ನ, ದನ ಎಲ್ಲಿಗೆ ಹೋಯಿತು? ಅದೇ ಪ್ರಾಧಿಕಾರ 2018ರಲ್ಲಿ ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ಬಿಚ್ಚಿ ನೋಡಿದಾಗ ಮದ್ದು, ಸಿರಿಂಜುಗಳ ಮೇಲಿನ ಲಾಭ ಕೆಲವು ಕಡೆ ನೂರಕ್ಕೆ 1,737ರವರೆಗೆ ಇತ್ತು. ಕ್ಯಾನ್ಸರಿನ ಒಂದು ಮದ್ದಿಗೆ ಬೇಯರ್ ಕಂಪನಿ ತಿಂಗಳಿಗೆ 2,80,428 ರೂಪಾಯಿ ಕೇಳುತ್ತಿತ್ತು. 2012ರಲ್ಲಿ ಪೇಟೆಂಟ್ ಕಾಯಿದೆಯ ಕಡ್ಡಾಯ ಲೈಸೆನ್ಸಿನ ಕಲಮು ಬಳಸಿ ಹೈದರಾಬಾದಿನ ನ್ಯಾಟ್ಕೋಗೆ ಅಪ್ಪಣೆ ಕೊಟ್ಟರು. ಅದೇ ಮದ್ದು 8,880ಕ್ಕೆ ಬಂತು. ಕಲಮು ಇದೆ, ಕಾಯಿದೆ ಇದೆ. ಬಳಸುವ ಮನಸ್ಸು ಇಲ್ಲ.

ಡಾಕ್ಟರುಗಳು ಮದ್ದಿನ ನಿಜ ಹೆಸರು ಬರೆಯಬೇಕು, ಕಂಪನಿಗಳ ಉಡುಗೊರೆ ಮುಟ್ಟಬಾರದು ಅಂತ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ನಿಯಮ ತಂದಿತು. ಗಲಾಟೆ ಎದ್ದಿತು. ಅದೇ ಆಗಸ್ಟಿನಲ್ಲೇ ನಿಯಮ ತಡೆಹಿಡಿದರು. ಮೂರು ವಾರ ಬಾಳಿದ ನಿಯಮ! ನಮ್ಮ ರಾಜ್ಯದಲ್ಲಿ 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕುವ ಮಸೂದೆ ತಂದಾಗಲೂ ಹೀಗೇ. ಡಾಕ್ಟರುಗಳು ಬಾಗಿಲು ಹಾಕಿ ಮುಷ್ಕರ ಕೂತರು, ಮಸೂದೆಯ ಹಲ್ಲು ಕಿತ್ತು ಪಾಸು ಮಾಡಿದರು. ಪೌರಕಾರ್ಮಿಕರು ಮುಷ್ಕರ ಮಾಡಿದರೆ ಪೊಲೀಸರು ಬರುತ್ತಾರೆ, ಡಾಕ್ಟರುಗಳು ಮಾಡಿದರೆ ಮಂತ್ರಿಗಳು ಬರುತ್ತಾರೆ.

ಕಡಿಮೆ ಬೆಲೆಯ ಮದ್ದಿಗೆ ಜನೌಷಧಿ ಅಂಗಡಿ ಅಂದರು. 2025ರ ಮೇ ತಿಂಗಳಲ್ಲಿ ರಾಜ್ಯ ಸರಕಾರ, ಸರಕಾರಿ ಆಸ್ಪತ್ರೆ ಆವರಣದಲ್ಲಿ ಮದ್ದನ್ನು ಪುಕ್ಕಟೆ ಕೊಡುವುದು ನಮ್ಮ ನೀತಿ, ಅಲ್ಲಿ ಮಾರುವ ಅಂಗಡಿ ಬೇಡ ಅಂತ ಮುಚ್ಚಲು ಆದೇಶ ಕೊಟ್ಟಿತು. ವಿಷಯ ಹೈಕೋರ್ಟಿಗೆ ಹೋಯಿತು. ಪುಕ್ಕಟೆ ಕೊಡುವುದು ನಮ್ಮದೇ ಬೇಡಿಕೆ, ಆ ನೀತಿಗೆ ತಕರಾರಿಲ್ಲ. ಆದರೆ ಪುಕ್ಕಟೆ ಮದ್ದು ಕಪಾಟಿನಲ್ಲಿ ಇರಬೇಕಲ್ಲ? ಇದ್ದರೆ ಅದು ಒಳ್ಳೆಯದಿರಬೇಕಲ್ಲ? 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ಆಪರೇಶನ್ ಆದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಐದು ಜನ ಸತ್ತರು. ಸರಕಾರವೇ ಪೂರೈಸಿದ ಗ್ಲೂಕೋಸಿನಂಥ ಸಲೈನು ಬಾಟಲಿಯ ಮೇಲೆ ಸಂಶಯ ಬಿದ್ದು, ತಯಾರಿಸಿದ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿದರು. ಸ್ಪೆಶಲ್ ರೂಮಿನಲ್ಲಿ ಹೀಗೆ ಐದು ಜನ ಸತ್ತಿದ್ದರೆ ವಿಧಾನಸೌಧ ನಡುಗುತ್ತಿತ್ತು.

ಯಂತ್ರದ ಬಗ್ಗೆಯೂ ಹೇಳಬೇಕು. ಯಂತ್ರಕ್ಕೆ ಜಾತಿ ಇಲ್ಲ ಅಂತ ನಮ್ಮ ವಿಜ್ಞಾನದ ಹುಡುಗರು ವಾದಿಸುತ್ತಾರೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಯಂತ್ರ ಎಲ್ಲರ ಕೈಗೂ ಬಂತು. ಅದು ಬೆಳಕಿನಿಂದ ಅಳೆಯುತ್ತದೆ. ಕಪ್ಪು ಚರ್ಮದವರಲ್ಲಿ ಆಮ್ಲಜನಕ ಇಳಿದಿದ್ದರೂ ಸರಿಯಾಗಿದೆ ಅಂತ ತೋರಿಸುವ ತಪ್ಪು, ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಅಂತ 2020ರ ಡಿಸೆಂಬರಿನಲ್ಲಿ ಅಮೆರಿಕದ ಡಾಕ್ಟರುಗಳೇ ಬರೆದರು. ಬಿಸಿಲಿನಲ್ಲಿ ಸುಟ್ಟ ನಮ್ಮವರ ಬೆರಳಿಗೆ ಅದೇ ಯಂತ್ರ ಸಿಕ್ಕಿಸಿ ಹಾಸಿಗೆ ಬೇಕೋ ಬೇಡವೋ ತೀರ್ಮಾನ ಮಾಡಿದರು. ಯಂತ್ರ ಮಾಡುವವನು ಯಾರ ಬೆರಳನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ ಎಂಬುದೇ ಪ್ರಶ್ನೆ.

ಕೋಟಿ ಕೊಟ್ಟು ತಂದ ಸ್ಕ್ಯಾನಿಂಗ್ ಯಂತ್ರ ದಿನಾ ಹೊಟ್ಟೆಗೆ ಕೇಳುತ್ತದೆ. ಸಾಲದ ಕಂತು ಕಟ್ಟಬೇಕಾದರೆ ರೋಗಿಗಳು ಅದರೊಳಗೆ ಹೋಗುತ್ತಿರಬೇಕು. ಆ ಯಂತ್ರದ ಮುಂದೆಯೇ ಕಲಿತ ಹೊಸ ಡಾಕ್ಟರು ಯಂತ್ರವಿಲ್ಲದ ಕಡೆ ಕುರುಡ. ಅವನನ್ನು ಕಾರ್ಕಳದ ಆಚೆ ಘಟ್ಟದ ಬುಡದ ಪ್ರಾಥಮಿಕ ಕೇಂದ್ರಕ್ಕೆ ಹಾಕಿದರೆ ಏನು ಮಾಡುತ್ತಾನೆ? ದೊಡ್ಡಾಸ್ಪತ್ರೆಗೆ ಹೋಗಿ ಅಂತ ಚೀಟಿ ಬರೆಯುತ್ತಾನೆ. ಹಾವು ಕಡಿದ ಹೆಂಗಸಿಗೂ ಅದೇ ಚೀಟಿ. ಹಾವಿನ ವಿಷಕ್ಕೆ ಕೊಡುವ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ನಮ್ಮ ಘಟ್ಟದ ತರಗೆಲೆಯಲ್ಲಿ ಅಡಗುವ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ತರಗೆಲೆ ಗುಡಿಸುವವರು ಯಾರು? ಅಡಕೆ ತೋಟದ ಧಣಿಯಲ್ಲ.

ಮಂಗನ ಕಾಯಿಲೆಯದ್ದೂ ಇದೇ ಕತೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ರೋಗ. 1982-83ರಲ್ಲಿ ಬೆಳ್ತಂಗಡಿಯ ನಿಡ್ಲೆ ಕಡೆ, ಗೇರುತೋಪಿಗಾಗಿ ಕಾಡು ಕಡಿದಲ್ಲಿ ಬಂತು. 2019ರಲ್ಲಿ ಸಾಗರದ ಅರಳಗೋಡಿನವರು ಘಟ್ಟ ಇಳಿದು ಮಣಿಪಾಲದಲ್ಲಿ ಮಲಗಿದರು. ಇಷ್ಟು ವರ್ಷವಾದರೂ ಅದಕ್ಕೆಂದೇ ಒಂದು ಮದ್ದು ಇಲ್ಲ. ಇದ್ದ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹೊಸದರ ಕೆಲಸ ಈಗ ನಡೆಯುತ್ತಿದೆ. ಸೌದೆ ತರುವವರಿಗೆ, ದನ ಕಾಯುವವರಿಗೆ ಬರುವ ರೋಗಕ್ಕೆ ಮದ್ದು ಹುಡುಕಿದರೆ ಯಾವ ಕಂಪನಿಗೆ ಲಾಭ?

1972ರಲ್ಲಿ ಮುಂಬಯಿಯ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರುಗಳಿಂದ. ಕರಿಯರ ಪ್ಯಾಂಥರುಗಳ ಬಂದೂಕಿನ ಚಿತ್ರ ನಾವೆಲ್ಲ ನೋಡಿದ್ದೇವೆ. ಅವರು ಊರೂರಿನಲ್ಲಿ ಪುಕ್ಕಟೆ ದವಾಖಾನೆ ನಡೆಸಿದ್ದು, ಬಿಳಿಯರ ವೈದ್ಯಶಾಸ್ತ್ರ ಕಡೆಗಣಿಸಿದ್ದ ಸಿಕಲ್ ಸೆಲ್ ರೋಗಕ್ಕೆ 1971ರಿಂದ ತಾವೇ ಮನೆಮನೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಘೋಷಣೆ ಕೂಗಿದವರೇ ಸೂಜಿ, ಹತ್ತಿಯನ್ನೂ ಹಿಡಿದಿದ್ದರು.

ನಮ್ಮ ಹಾಸ್ಟೆಲಿನಲ್ಲಿ ಡಾಕ್ಟರುಗಳಿಲ್ಲ. ಇಂಗ್ಲಿಷು ಓದಬಲ್ಲವರಿದ್ದಾರೆ. ಈ ದಸರಾ ರಜೆಗೆ ಊರಿಗೆ ಹೋದಾಗ ಅಪ್ಪೆ, ಅಜ್ಜಿ, ನೆರೆಮನೆಯ ಅಕ್ಕ ಇವರ ಮದ್ದಿನ ಚೀಟಿ ಈಸಿಕೊಳ್ಳಿ. ಗುಳಿಗೆಯ ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿ ನಿಜ ಹೆಸರು ಇರುತ್ತದೆ. ಅದನ್ನು ಬರೆದುಕೊಂಡು ಜನೌಷಧಿ ಅಂಗಡಿಯ ರೇಟು ಕೇಳಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಮದ್ದು ಪುಕ್ಕಟೆ ಸಿಗುತ್ತದೋ ನೋಡಿ. ಇಲ್ಲ ಅಂದರೆ ಯಾವತ್ತಿನಿಂದ ಇಲ್ಲ ಅಂತ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. ಒಂದು ನೋಟುಪುಸ್ತಕದಲ್ಲಿ ಐದು ಕಾಲಂ ಎಳೆಯಿರಿ: ಊರು, ಕಾಯಿಲೆ, ಚೀಟಿಯ ಮದ್ದಿನ ಬೆಲೆ, ಜನೌಷಧಿ ಬೆಲೆ, ಕೇಂದ್ರದಲ್ಲಿ ಇದೆಯೋ ಇಲ್ಲವೋ. ರೋಗಿಯ ಹೆಸರು ಬರೆಯಬೇಡಿ, ಅದು ಅವರ ಮಾನದ ವಿಷಯ. ಕಾಪು, ಕಾರ್ಕಳ, ಉಡುಪಿ ಮೂರೂ ತಾಲ್ಲೂಕಿನ ಪುಸ್ತಕ ಒಟ್ಟಾದ ದಿನ ಜಿಲ್ಲಾಧಿಕಾರಿ ಕಚೇರಿಗೆ ಹೋಗೋಣ. ಡೀಮ್ಡ್ ಕಾಲೇಜಿನ ಮೀಸಲಾತಿ, ಖಾಸಗಿಯವರ ಪಾಲಿಲ್ಲದ ಸರಕಾರಿ ಮೆಡಿಕಲ್ ಕಾಲೇಜು, ಇವೆರಡು ಬೇಡಿಕೆಯ ಕಾಗದವನ್ನೂ ಅವತ್ತೇ ಕೊಡುವುದು. ಕಾಲಂ ಎಳೆದ ನಮೂನೆ ಬೇಕಾದವರು ಈ ಪತ್ರಿಕೆ ಮಾರುವ ಹುಡುಗನ ಹತ್ತಿರ ಕೇಳಿ, ಚೀಲದಲ್ಲಿ ಇಟ್ಟುಕೊಂಡಿದ್ದಾನೆ.